ಅಟ್ಟದ ಮೇಲಿನ ಕಾಯಿ

● ತಿಪಟೂರು ಸೀಮೆಯಲ್ಲಿ ಹೈಸ್ಕೂಲು ಓದಿದ ಇಬ್ಬರು ಬೆಂಗಳೂರಿನಲ್ಲಿ ಎದುರಾದರೆ ಮೊದಲು ವಿಚಾರಿಸುವುದು ಕೊಬ್ಬರಿ ರೇಟು. ಎರಡನೆಯ ಪ್ರಶ್ನೆ, 'ಯಾವ ಬ್ಯಾಚು?' ಇವೆರಡಕ್ಕೂ ಉತ್ತರ ಸಿಕ್ಕಮೇಲೆ ಹೆಸರು ಕೇಳಿದರೂ ಆಯಿತು, ಬಿಟ್ಟರೂ ಆಯಿತು.

● ತಿಪಟೂರಿನವನಿಗೆ ಊರಲ್ಲೇ ರೈಲು. ತುರುವೇಕೆರೆಯವನಿಗೆ ಬಾಣಸಂದ್ರಕ್ಕೆ ಹೋದರೆ ರೈಲು. ಚಿಕ್ಕನಾಯಕನಹಳ್ಳಿಯವನಿಗೆ ರೈಲೆಂದರೆ ಪುಸ್ತಕದ ಚಿತ್ರ. ಬೆಳಗಿನ ಗಂಟೆ ಹೊಡೆದಾಗ ಮಾತ್ರ ಮೂವರೂ ಸಮಾನವಾಗಿ ತಡವಾಗಿರುತ್ತಿದ್ದರು.

● ಕಾನ್ವೆಂಟ್ ಎಂದರೆ ಕನ್ಯಾಸ್ತ್ರೀಯರ ಮಠ. ನಮ್ಮ ಕಡೆ ಅದು ಇಂಗ್ಲಿಷ್ ಮೀಡಿಯಂ ಶಾಲೆ. ಗಣಪತಿ ಗುಡಿಯ ಟ್ರಸ್ಟು ನಡೆಸಿದರೂ ಅದು ಕಾನ್ವೆಂಟೇ. 'ರಾಷ್ಟ್ರಪತಿ' ಪದವನ್ನು ದೇಶಕ್ಕೆ ಕೊಟ್ಟವರೆಂದು ಹೆಸರಾದ ತೀ.ನಂ.ಶ್ರೀ. 1906ರಲ್ಲಿ ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಪದ ಕೊಟ್ಟ ಸೀಮೆಗೆ, ಬಂದ ಪದಕ್ಕೆ ಬೇರೆ ಅಂಗಿ ಹೊಲಿಸುವುದೂ ಗೊತ್ತು.

● ನಮ್ಮ ತುಮಕೂರು ಜಿಲ್ಲೆಗೆ ಮಠದ ಶಾಲೆ ಹೊಸದಲ್ಲ. ಸಿದ್ಧಗಂಗಾ ಮಠದ ಕಾವಿ ಕಂಡ ಅಪ್ಪಂದಿರಿಗೆ ಸಿಸ್ಟರ ಬಿಳಿ ಉಡುಪು ಬೆದರಿಕೆ ಹುಟ್ಟಿಸಲಿಲ್ಲ. ಮನೆ ಬಿಟ್ಟವರೇ ಪರರ ಮಕ್ಕಳಿಗೆ ಮನೆಯಾಗುತ್ತಾರೆ ಎಂಬುದನ್ನು ಅವರು ಮೊದಲೇ ಕಂಡಿದ್ದರು.

● 2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ಅತ್ತವರಲ್ಲಿ ಭಕ್ತರು ಯಾರು, ಹಳೆಯ ವಿದ್ಯಾರ್ಥಿಗಳು ಯಾರು ಎಂದು ಬೇರೆ ಮಾಡಲಾಗಲಿಲ್ಲ. ಅನ್ನವೂ ಅಕ್ಷರವೂ ಒಂದೇ ಕೈಯಿಂದ ಬಂದಾಗ ಋಣಕ್ಕೆ ಎರಡು ಹೆಸರು ಇರುವುದಿಲ್ಲ.

● ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ತೆಂಗಿನ ಸೀಮೆಯ ಕಥೋಲಿಕ ಶಾಲೆಗೆ ಹೋಗಿ ನೋಡಿ: ಕಥೋಲಿಕ ಮಕ್ಕಳು ತಮ್ಮ ಶಾಲೆಯಲ್ಲೇ ಬೆರಳೆಣಿಕೆ. ಹಕ್ಕು ಅವರದು, ಹಾಜರಿ ಎಲ್ಲರದು.

● ಒಂದು ಪೀರಿಯಡ್ಡಿಗೆ ತರಗತಿ ಇಬ್ಭಾಗವಾಗುತ್ತಿತ್ತು. ಕಥೋಲಿಕರು ಧರ್ಮೋಪದೇಶಕ್ಕೆ, ಉಳಿದವರು ಮಾರಲ್ ಸೈನ್ಸಿಗೆ. ಗಂಟೆ ಹೊಡೆದ ಮೇಲೆ 'ನಿಮಗ್ ಯಾವ್ ಕತೆ ಹೇಳಿದ್ರು?' ಎಂದು ಅವರೂ ಕೇಳಿದರು, ಇವರೂ ಕೇಳಿದರು. ದೊಡ್ಡವರು ವೇದಿಕೆ ಹಾಕಿ ಮಾಡುವ ಧರ್ಮಸಂವಾದ ಅಲ್ಲಿ ಐದು ನಿಮಿಷದಲ್ಲಿ ಮುಗಿದು, ಆಮೇಲೆ ಕಬಡ್ಡಿ ಶುರುವಾಗುತ್ತಿತ್ತು.

● ಕ್ರಿಸ್‌ಮಸ್ಸಿನ ಗೋದಲಿಗೆ ಸೋಗೆ ಹೆಣೆದವನು ತೋಟದಾಳಿನ ಮಗ. ನಕ್ಷತ್ರಕ್ಕೆ ಬಣ್ಣದ ಕಾಗದ ತಂದವನು ಮಸೀದಿ ಬೀದಿಯ ಹುಡುಗ. ಬೆತ್ಲೆಹೇಮಿಗೆ ತೆಂಗಿನ ಸೋಗೆ ಹೊದಿಸಬಾರದೆಂದು ಯಾರೂ ಹೇಳಲಿಲ್ಲ. ನಮ್ಮ ಕೂಸು ಹುಟ್ಟಿದ್ದರೂ ಅದನ್ನೇ ಹೊದಿಸುತ್ತಿದ್ದೆವು.

● 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ಬಳಿಕ ಪೂಜೆಯ ಲ್ಯಾಟಿನ್ ಜಾಗಕ್ಕೆ ಊರಮಾತು ಬಂತು. ಶಾಲೆಯ ಅಂಗಳದ 'ಬಾರ್ಲಾ ಇಲ್ಲಿ' ಮಾತ್ರ ಯಾವ ಮಹಾಸಭೆಯ ಅಪ್ಪಣೆಗೂ ಕಾದಿರಲಿಲ್ಲ.

● ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿದವನು ಗುರುವಂದನೆಯಲ್ಲಿ ಕನ್ನಡದಲ್ಲೇ ಅರ್ಧ ಗಂಟೆ ಮಾತಾಡಿದ. ದಂಡ ಹಾಕಿದವರು ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡರು. ದಂಡದ ದುಡ್ಡು ಬಡ್ಡಿ ಸಮೇತ ವಾಪಸು ಬಂತೆಂದೇ ಲೆಕ್ಕ.

● ಶಾಲೆ ಕಲಿಸಿದ ಮೊದಲ ಪಾಠ ಅಕ್ಷರವಲ್ಲ, ಸಾಲು. ಎತ್ತರದ ಪ್ರಕಾರ ನಿಲ್ಲಿಸಿದರು. ಜಾತಿಯ ಪ್ರಕಾರ, ತೋಟದ ಎಕರೆಯ ಪ್ರಕಾರ ನಿಲ್ಲಿಸಲಿಲ್ಲ. ಎತ್ತರ ವರ್ಷವರ್ಷ ಬದಲಾಗುವಂಥದ್ದು ಎನ್ನುವುದೇ ಆ ಸಾಲಿನ ದೊಡ್ಡ ಗುಣ.

● ನಮ್ಮ ಕಡೆ ಇನಿಷಿಯಲ್ಲಿನ ಮೊದಲಕ್ಷರ ಎಷ್ಟೋ ಸಲ ಊರಿನದು. 'ಟಿ' ಎಂದರೆ ತಿಪಟೂರೋ ತುರುವೇಕೆರೆಯೋ ಎಂದು ಜಗಳ. ಮದುವೆಯಾದ ಹುಡುಗಿಯರದು ಆ ಅಕ್ಷರವೇ ಹೋಯಿತು; ಬ್ಯಾಚಿನವರು ಹುಡುಕಿದರೂ ಅವರು ಸಿಗುವುದಿಲ್ಲ. ಹಳೆಯ ಹಾಜರಿ ಪುಸ್ತಕವೊಂದೇ ಈಗಲೂ ಅವರ ತವರುಮನೆ.

● ನಾಟಿ ತೆಂಗು, ಅದೇ ತಿಪಟೂರು ಟಾಲ್, ಫಲ ಹಿಡಿಯಲು ಆರೇಳು ವರ್ಷ ಬೇಕು. ಒಂದೇ ಶಾಲೆಯಲ್ಲಿ ಅಷ್ಟು ವರ್ಷ ಸಿಸ್ಟರಿಗೆ ಸಿಗುವುದು ಅಪರೂಪ. ಗುಂಡಿ ತೋಡಿದವರೊಬ್ಬರು, ನೀರು ಹೊತ್ತವರೊಬ್ಬರು. ಕಾಯಿ ಕೀಳುವ ಹೊತ್ತಿಗೆ ಇಬ್ಬರೂ ಬೇರೆ ಊರಿನಲ್ಲಿ ಬೇರೆ ಸಸಿಗೆ ಬೇಲಿ ಕಟ್ಟುತ್ತಿರುತ್ತಾರೆ.

● ವರ್ಗಾವಣೆ ಪತ್ರ ಬಂದರೆ ಸಿಸ್ಟರು ಒಂದು ಪೆಟ್ಟಿಗೆ ಹಿಡಿದು ಹೊರಡುತ್ತಾರೆ. ನಾವು ಹತ್ತನೇ ತರಗತಿ ಮುಗಿಸಿದಾಗ ಅತ್ತೆವು. ಅವರು ಎಷ್ಟು ಶಾಲೆ ಬಿಟ್ಟಿದ್ದರೋ, ಎಷ್ಟು ಸಲ ಅಳದೆ ಬಿಟ್ಟಿದ್ದರೋ, ನಾವು ಕೇಳಲಿಲ್ಲ.

● ನಿವೃತ್ತ ಮೇಷ್ಟ್ರ ಮನೆಯ ಬಾಗಿಲು ತಟ್ಟಬಹುದು. ಸಿಸ್ಟರಿಗೆ ತಟ್ಟಲು ಸ್ವಂತದ ಬಾಗಿಲೇ ಇಲ್ಲ. ಮುಪ್ಪಿನಲ್ಲಿ ಅವರು ಇರುವುದು ತಮ್ಮ ಸಭೆಯ ಯಾವುದೋ ಮಠದಲ್ಲಿ. ಅಲ್ಲಿಗೆ ಹೋದವರು ಹೇಳುವುದು ಒಂದೇ: 'ನನ್ನ ಹೆಸರು ಮರೆತಿದ್ದರು, ಆದರೆ ಎಲ್ಲಿ ಕೂರುತ್ತಿದ್ದೆ ಅಂತ ನೆನಪಿತ್ತು.'

● ಬಡತನದ ವ್ರತ ತೊಟ್ಟವರಿಗೆ ಉಡುಗೊರೆ ಕೊಡುವುದು ಕಷ್ಟದ ಕೆಲಸ. ಹೊದಿಸಿದ ಶಾಲು ಸಂಜೆಗೆ ಅಡುಗೆಯವಳ ಮೈಮೇಲೆ. ಹಣ್ಣಿನ ಬುಟ್ಟಿ ಹಾಸ್ಟೆಲ್ಲಿನ ಮಕ್ಕಳಿಗೆ. ಅವರು ತಮಗೆಂದು ಇಟ್ಟುಕೊಳ್ಳುವುದು ನಮ್ಮ ಮಕ್ಕಳ ಹೆಸರನ್ನು ಮಾತ್ರ, ಅದೂ ಪ್ರಾರ್ಥನೆಯಲ್ಲಿ ಹೇಳುವುದಕ್ಕೆ.

● ಗಂಟೆ ಹೊಡೆಯುತ್ತಿದ್ದವನಿಗೆ ಪಾಠ ಬರುತ್ತಿರಲಿಲ್ಲ. ಆದರೆ ಎಲ್ಲ ಪಾಠಗಳೂ ಶುರುವಾದದ್ದು ಅವನಿಂದ, ಮುಗಿದದ್ದೂ ಅವನಿಂದ. ಗುರುವಂದನೆಯ ಪಟ್ಟಿಯಲ್ಲಿ ಅವನ ಹೆಸರಿದೆಯೇ ನೋಡಿ. ಇದ್ದರೆ ಆ ಬ್ಯಾಚು ಚೆನ್ನಾಗಿ ಓದಿದೆ.

● ಇಟಲಿಯ ತುರಿನ್ ನಗರದಲ್ಲಿ 1870ರ ಜೂನ್ 24ರಂದು ಕಾರ್ಲೊ ಗಾಸ್ತೀನಿ ಎಂಬ ಹಳೆಯ ವಿದ್ಯಾರ್ಥಿ ಕೆಲವು ಗೆಳೆಯರನ್ನು ಕಟ್ಟಿಕೊಂಡು ತಮ್ಮ ಗುರು ಡಾನ್ ಬಾಸ್ಕೊ ಅವರಿಗೆ ಕಾಫಿ ಬಟ್ಟಲುಗಳನ್ನು ಕೊಟ್ಟ. ಡಾನ್ ಬಾಸ್ಕೊ ಶಾಲೆಗಳ ಹಳೆಯ ವಿದ್ಯಾರ್ಥಿ ಬಳಗ ತನ್ನ ಹುಟ್ಟನ್ನು ಆ ದಿನದಿಂದ ಎಣಿಸುತ್ತದೆ. ಬೈಲಾ ಬರೆಯುವ ಮೊದಲು ಕಾಫಿ ಕುಡಿಯಬೇಕೆಂಬುದು ನಮ್ಮವರಿಗೂ ಹೊಳೆದ ಸತ್ಯ.

● ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆ 1880ರದು. ಅದರ ಪ್ರಾರ್ಥನಾಲಯದ ಗೋಡೆ ಚಾವಣಿಗಳನ್ನೆಲ್ಲ ಇಟಲಿಯ ಅಂತೋನಿಯೊ ಮೊಸ್ಕೇನಿ ಚಿತ್ರಗಳಿಂದ ತುಂಬಿದ. ಜನ ದೂರದಿಂದ ಬಂದು ಕತ್ತೆತ್ತಿ ನೋಡುತ್ತಾರೆ. ನಮ್ಮ ಶಾಲೆಯ ಕಲೆ ಬೆಂಚಿನ ಮೇಲಿದೆ, ಕಂಪಾಸಿನ ಮೊನೆಯಲ್ಲಿ ಕೊರೆದದ್ದು. ಅದನ್ನು ನೋಡಲು ತಲೆ ತಗ್ಗಿಸಬೇಕು.

● ಬೆಂಗಳೂರಿನ ಸಂತ ಜೋಸೆಫರ ಬಾಲಕರ ಪ್ರೌಢಶಾಲೆ ಶುರುವಾದದ್ದು 1858ರಲ್ಲಿ. ರಾಹುಲ್ ದ್ರಾವಿಡ್ ಓದಿದ್ದು ಅಲ್ಲೇ. 'ಗೋಡೆ' ಎಂದು ಹೆಸರು ಪಡೆದ ಹುಡುಗ ಒಬ್ಬನೇ ಇರಬಹುದು. ಯಾವ ಶಾಲೆಯ ಗೋಡೆಯೂ ಒಂದೇ ಇಟ್ಟಿಗೆಯಿಂದ ಎದ್ದಿಲ್ಲ.

● ಆರ್ಚ್‌ಬಿಷಪ್ಪರು ಬೆಂಗಳೂರಿನಲ್ಲಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಬೆಂಗಳೂರಿನಿಂದ, ಪಾಸಾದವರು ಬೆಂಗಳೂರಿಗೆ. ಊರಲ್ಲಿ ಉಳಿದದ್ದು ತೋಟ ಮತ್ತು ಫೇಲಾದವನು. ಇಂದು ಸ್ನೇಹಸಮ್ಮಿಲನಕ್ಕೆ ಶಾಮಿಯಾನ ಹಾಕಿಸಿ, ಎಳನೀರು ಇಳಿಸಿ, ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತ ನಿಂತವನು ಅವನೇ.

● ನುಸಿ ಪೀಡೆ ಬಂದು ಕಾಯಿ ಕುಗ್ಗಿದ ವರ್ಷ ಅರ್ಧ ತರಗತಿಯ ಫೀಸು ಬಾಕಿ. 'ಅಪ್ಪನ್ನ ಕರ್ಕೊಂಡ್ ಬಾ' ಎಂದ ಶಾಲೆಯನ್ನು ಮರೆತೆವು. 'ಕೊಬ್ಬರಿ ಮಾರಿದ್ ಮೇಲ್ ಕೊಡು' ಎಂದವರನ್ನು ಮರೆಯಲಿಲ್ಲ.

● ಹಳೆಯ ವಿದ್ಯಾರ್ಥಿಯ ಪ್ರೀತಿಗೆ ಪರೀಕ್ಷೆ ನಡೆಯುವುದು ಜೂನ್ ತಿಂಗಳಲ್ಲಿ, ಮಗನಿಗೆ ಸೀಟು ಸಿಗದ ದಿನ.

● ಬ್ಯಾಚಿನವರು ಶಾಲೆಗೆ ಫ್ಯಾನು ಕೊಟ್ಟು ರೆಕ್ಕೆಯ ಮೇಲೆ ಹೆಸರು ಬರೆಸಿದರು. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲ, ಹೆಸರು ಕಾಣಬೇಕಾದರೆ ಕರೆಂಟು ಹೋಗಬೇಕು. ಗಾಳಿ ಬೇಕೋ ಹೆಸರು ಬೇಕೋ ಎಂದು ಫ್ಯಾನೇ ಕೇಳಿದಂತಿತ್ತು.

● 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ ಇತ್ತು. ನೋಂದಣಿಯ ಸಾಲಿನಲ್ಲಿ ಹಿಂದೆ ಮುಂದೆ ನಿಂತ ಇಬ್ಬರಿಗೆ ತಾವು ಒಂದೇ ಸ್ಕೂಲೆಂದು ಗೊತ್ತಾದರೆ ಆಗುವ ಲಾಭ ಬೆಲೆಯಲ್ಲಲ್ಲ. ಒಬ್ಬ ಟೀ ಕುಡಿದು ಬರುವ ತನಕ ಇನ್ನೊಬ್ಬ ಅವನ ಜಾಗ ಕಾಯುತ್ತಾನೆ. ಅಸೆಂಬ್ಲಿಯಲ್ಲಿ ಕಲಿತ ಸಾಲು ಉಪಯೋಗಕ್ಕೆ ಬಂದದ್ದು ಅಲ್ಲಿ.

● ತೆಂಗಿನ ಮೈಮೇಲಿನ ಒಂದೊಂದು ಉಂಗುರವೂ ಉದುರಿಹೋದ ಗರಿಯ ಗುರುತು. ಮರ ಎತ್ತರವಾಗುವುದು ಕಳೆದುಕೊಳ್ಳುತ್ತಲೇ. ಶಾಲೆಯ ಕಾರಿಡಾರಿನ ಗ್ರೂಪ್ ಫೋಟೋಗಳನ್ನು ವರ್ಷದ ಪ್ರಕಾರ ನೋಡುತ್ತ ನಡೆಯಿರಿ: ಅವೂ ಅಂಥ ಉಂಗುರಗಳೇ.

● ಕನ್ನಡದಲ್ಲಿ 'ಹಳೆಯ ವಿದ್ಯಾರ್ಥಿ' ಎನ್ನುತ್ತೇವೆ, 'ವಿದ್ಯಾರ್ಥಿಯಾಗಿದ್ದವನು' ಎನ್ನುವುದಿಲ್ಲ. ಹಳೆಯದಾದರೂ ಅವನು ವಿದ್ಯಾರ್ಥಿಯೇ. ಅದಕ್ಕೇ ಐವತ್ತು ದಾಟಿದ ಇಂಜಿನಿಯರು ಆ ಗೇಟಿನೊಳಗೆ ಕಾಲಿಟ್ಟ ಕೂಡಲೇ ಅಂಗಿಯನ್ನು ಒಳಗೆ ಸೇರಿಸಿಕೊಳ್ಳುತ್ತಾನೆ.

● ಕೊಬ್ಬರಿ ಮಾಡುವವರು ಬಲಿತ ಕಾಯಿಯನ್ನು ಮಟ್ಟೆಸಮೇತ ಅಟ್ಟಕ್ಕೆ ಹಾಕಿ ಮರೆತಂತೆ ಇರುತ್ತಾರೆ. ವರ್ಷದ ಹತ್ತಿರ ಹತ್ತಿರ ಬೇಕು. ಒಳಗಿನ ನೀರು ಆರಬೇಕು, ತಿರುಳು ಗಟ್ಟಿಯಾಗಬೇಕು, ಚಿಪ್ಪನ್ನು ತಾನಾಗಿ ಬಿಡಬೇಕು. ಅವಸರಕ್ಕೆ ಒಡೆದರೆ ಅದು ಅಡುಗೆಗೆ ಕಾಯಿ, ಮಾರುಕಟ್ಟೆಗೆ ಕೊಬ್ಬರಿಯಲ್ಲ.

● ಕಾಯಿಗೆ ಮೂರು ಕಾಲ. ಎಳೆಯದನ್ನು ಅಲ್ಲಾಡಿಸಿದರೆ ಸದ್ದಿಲ್ಲ, ತುಂಬಿಕೊಂಡಿದೆ. ಬಲಿತದ್ದು ಬಳಬಳ ಎನ್ನುತ್ತದೆ. ಅಟ್ಟದಿಂದ ಇಳಿಸಿದ್ದು ಕೊಟಕೊಟ ಎನ್ನುತ್ತದೆ, ಒಣಗಿದ ತಿರುಳು, ಅಂದರೆ ಗಿಟುಕು, ಚಿಪ್ಪು ಬಿಟ್ಟುಕೊಂಡಿದೆ. ಶಾಲೆಯಲ್ಲಿದ್ದಾಗ ನಾವು ಗೆಳೆತನದ ಮಾತೇ ಆಡಲಿಲ್ಲ. ಬಿಟ್ಟ ಮರುವರ್ಷ ಬರೀ ಬಳಬಳ. ಮೂವತ್ತು ವರ್ಷದ ಮೇಲೆ ಬಂದದ್ದು ಮೂರನೆಯ ಸದ್ದು.

● ಶಾಲೆ ನಮ್ಮನ್ನು ಒಂದು ಮಾಡಿತು ಎನ್ನುವುದು ಭಾಷಣ. ಶಾಲೆ ಕೂಡಿಹಾಕಿತು, ಒಂದು ಮಾಡಿದ್ದು ಆಮೇಲಿನ ದೂರ.

● ಚಿಪ್ಪಿಗೆ ಅಂಟಿಕೊಂಡಿರುವ ತನಕ ಗಿಟುಕು ಇಡಿಯಾಗಿ ಬರುವುದಿಲ್ಲ. ತನ್ನ ಶಾಲೆಯೇ ಎಲ್ಲಕ್ಕಿಂತ ದೊಡ್ಡದು ಎನ್ನುವವನು ಇನ್ನೂ ಅಟ್ಟದಲ್ಲಿರಬೇಕಾದವನು.

● ಎಲ್ಲ ಕಾಯಿಯೂ ಕೊಬ್ಬರಿಯಾಗುವುದಿಲ್ಲ. ಕೆಲವು ಅಟ್ಟದಲ್ಲೇ ಕೊಳೆಯುತ್ತವೆ. ಒಂದು ಏಟು, ಒಂದು ಅವಮಾನ, ಎಲ್ಲರೆದುರು ಆಡಿದ ಒಂದು ಮಾತು ಒಳಗೇ ಉಳಿದವನು ಸಮ್ಮಿಲನಕ್ಕೆ ಬರುವುದಿಲ್ಲ. ಬಾರದವನ ಖಾಲಿ ಕುರ್ಚಿಯೂ ಶಾಲೆಯ ಚರಿತ್ರೆಯೇ.

● ಸಮ್ಮಿಲನದ ದಿನ ಯಾರೋ ಹಳೆಯ ಹಾಜರಿ ಓದಿದರು. ನಗುತ್ತ ನಗುತ್ತ 'ಪ್ರೆಸೆಂಟ್ ಸಿಸ್ಟರ್' ಎಂದೆವು. ಹದಿನೇಳನೇ ನಂಬರಿಗೆ ಉತ್ತರ ಬರಲಿಲ್ಲ. ಓದುತ್ತಿದ್ದವರು ತುಸು ತಡೆದು ಹದಿನೆಂಟು ಎಂದರು. ಹದಿನೆಂಟನೆಯವನು ಎದ್ದು ನಿಂತು ಹೇಳಿದ. ಕೂತು ಹೇಳಲು ಅವನಿಗಾಗಲಿಲ್ಲ.

● ಸಂಜೆ ಬಿ.ಎಚ್. ರಸ್ತೆಯಲ್ಲಿ ಬಸ್ಸಿಗೆ ನಿಂತಾಗ ಎಲ್ಲರೂ ಹೇಳುವುದು ಒಂದೇ: 'ಸಿಗಣ ಕಣ್ಲಾ.' ಯಾವಾಗ ಎಂದು ಯಾರೂ ಕೇಳುವುದಿಲ್ಲ. ಅಟ್ಟಕ್ಕೆ ಹಾಕಿದ ಕಾಯಿಗೆ ದಿನ ಗೊತ್ತುಮಾಡುವ ಪದ್ಧತಿ ಈ ಸೀಮೆಯಲ್ಲಿಲ್ಲ.