ಎಪ್ಪತ್ತು ಪರ್ಸೆಂಟ್ ಎಂದರೆ ಎಷ್ಟು?

ಚಿಕ್ಕಬಾಣಾವರ ರೈಲ್ವೆ ಸ್ಟೇಷನ್ ಹತ್ತಿರ ಬೆಳಿಗ್ಗೆ ಟೀ ಕುಡಿಯುವವರ ಮಾತಿನಲ್ಲಿ ಸೈಟಿನ ರೇಟು, ಮಕ್ಕಳ ಕೆಲಸದ ಜೊತೆಗೆ ಇನ್ನೊಂದು ಲೆಕ್ಕವೂ ಬರುತ್ತದೆ: “ನಮ್ಮ ಭಾವನಿಗೆ ಎಪ್ಪತ್ತು ಪರ್ಸೆಂಟ್ ಬ್ಲಾಕ್ ಅಂತೆ.” 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡಾಗ, ಎದೆ ತೋರಿಸಿಕೊಳ್ಳಲು ಜಯದೇವ ಹೃದ್ರೋಗ ಆಸ್ಪತ್ರೆಗೆ ಜನ ಮುಗಿಬಿದ್ದರು. ಆ ದಿಗಿಲು ಇನ್ನೂ ಪೂರ್ತಿ ಇಳಿದಿಲ್ಲ. ದಿಗಿಲುಬಿದ್ದವರ ಕೈಗೆ ಪರ್ಸೆಂಟ್ ಸಿಕ್ಕರೆ ಅದೇ ತೀರ್ಪಾಗಿಬಿಡುತ್ತದೆ.

ಕಣ್ಣಂದಾಜು ಬಿಟ್ಟು ಯಂತ್ರದಿಂದ ಅಳೆದರೆ ಆ ಅಂಕಿ ಹುಟ್ಟುವುದು ಹೀಗೆ. ಹೃದಯದ ರಕ್ತನಾಳಕ್ಕೆ ಡೈ ಬಿಟ್ಟು ತೆಗೆದ ಆಂಜಿಯೋಗ್ರಾಮ್‌ನಲ್ಲಿ ಸಾಫ್ಟ್‌ವೇರ್ ಡೈ ಬಿಡುವ ಕೊಳವೆಯಾದ ಕ್ಯಾಥೆಟರನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ. 6 ಫ್ರೆಂಚ್ ಅಳತೆಯ ಕ್ಯಾಥೆಟರಿನ ದಪ್ಪ 2 ಮಿ.ಮೀ. ಆಮೇಲೆ ರಕ್ತನಾಳದ ಅಂಚು ಗುರುತಿಸಿ, ಕಿರಿದಾದ ಜಾಗವನ್ನು ಪಕ್ಕದ ಚೆನ್ನಾಗಿರುವ ಜಾಗಕ್ಕೆ ಹೋಲಿಸುತ್ತದೆ. 3 ಮಿ.ಮೀ. ನಾಳ ಒಂದು ಕಡೆ 1.5ಕ್ಕೆ ಇಳಿದಿದ್ದರೆ ವ್ಯಾಸದ ಲೆಕ್ಕದಲ್ಲಿ ಬ್ಲಾಕ್ 50 ಪರ್ಸೆಂಟ್, ವಿಸ್ತೀರ್ಣದ ಲೆಕ್ಕದಲ್ಲಿ 75. ನಾಳ ಒಂದೇ, ಎರಡು ಅಂಕಿಯೂ ನಿಜ. ಪಕ್ಕದ ಜಾಗಕ್ಕೂ ಕೊಬ್ಬು ಕಟ್ಟಿದ್ದರೆ ಬ್ಲಾಕ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಕಿರಿದಾಗಿ ಕಂಡದ್ದೆಲ್ಲ ರಕ್ತದ ಓಟವನ್ನು ತಡೆಯುವುದೂ ಇಲ್ಲ. ನಾಳದೊಳಗೆ ಸಣ್ಣ ತಂತಿ ಇಳಿಸಿ ಒತ್ತಡ ಅಳೆದು, ಅದು ಕುಸಿದಿದ್ದ ಕಡೆ ಮಾತ್ರ ಸ್ಟೆಂಟ್ ಹಾಕಿಸಿಕೊಂಡವರಿಗೆ ಕಡಿಮೆ ಸ್ಟೆಂಟ್ ಸಾಕಾಯಿತು, ವರ್ಷದೊಳಗಿನ ತೊಂದರೆಯೂ ಕಡಿಮೆಯಾಯಿತು ಎಂದು 2009ರ ಫೇಮ್ ಅಧ್ಯಯನ ತೋರಿಸಿತು. ಇನ್ನೊಂದು ಕಡೆ, 40 ಪರ್ಸೆಂಟ್ ಎಂದು ಕೇಳಿ ಮತ್ತೆ ಬೀಡಿ ಹಚ್ಚುವವರಿದ್ದಾರೆ. ಸಣ್ಣ ಬ್ಲಾಕೇ ಒಡೆದು ರಕ್ತ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್ ಆಗುವುದುಂಟು. ಅಂಕಿ ಸುಮ್ಮನೆ ಹೆದರಿಸಲೂಬಲ್ಲದು, ಸುಳ್ಳು ಧೈರ್ಯ ಕೊಡಲೂಬಲ್ಲದು.

ಹಾರ್ಟ್ ಅಟ್ಯಾಕ್ ಆಗುತ್ತಿರುವಾಗ ಚರ್ಚೆಗೆ ಹೊತ್ತಿಲ್ಲ. ಮುಚ್ಚಿದ ನಾಳ ತೆರೆಯುವುದೇ ಧರ್ಮ. ಉಳಿದವರಿಗೆ ಹೊತ್ತಿರುತ್ತದೆ. ಆ ಹೊತ್ತನ್ನು ಭಯ ನುಂಗಬಾರದು. ಕ್ಯಾಥ್ ಲ್ಯಾಬ್ ಬಾಗಿಲಲ್ಲಿ ಸ್ಟೆಂಟ್ ಹಾಕಲು ಸಹಿಗೆ ಕಾಗದ ಚಾಚಿದಾಗ ಮಗನೊಬ್ಬ, “ಡಾಕ್ಟ್ರೇ, ಈ ಎಪ್ಪತ್ತು ಯಾವ ಲೆಕ್ಕದ್ದು? ರಕ್ತದ ಓಟ ನಿಜವಾಗಿ ಕಮ್ಮಿಯಾಗಿದೆಯಾ?” ಎಂದು ಕೇಳಿದರೆ ಅದು ಉದ್ಧಟತನವಲ್ಲ. ಅಳೆಯಲು ಬಲ್ಲವರು ಅಳತೆಯ ಮಿತಿಯನ್ನೂ ಹೇಳಬೇಕು. ಕೇಳಿಸಿಕೊಳ್ಳುವವರು ಭಯಕ್ಕೆ ಸಹಿ ಹಾಕದೆ, ತಿಳಿದು ಸಹಿ ಹಾಕಬೇಕು.