ಕಂಡದ್ದು ಮತ್ತು ‘ಅಂತೆ’

ಬೊಲಿವಿಯಾದ ಲಾ ಪಾಜ್ ನಗರದಲ್ಲಿ ದಾರಿ ತಪ್ಪಿದವರಿಗೆ ಒಂದು ಸುಲಭ ಉಪಾಯವಿದೆ: ಇಳಿಜಾರು ಹಿಡಿದು ನಡೆಯುವುದು. ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಎತ್ತರದ ಈ ಊರು ಬೋಗುಣಿಯಂಥ ಕಣಿವೆಯಲ್ಲಿದೆ. ನಡು ಊರಿನ ಓಣಿಗಳು ಸುತ್ತಿ ಬಳಸಿ ಕೊನೆಗೆ ಎಲ್ ಪ್ರಾಡೊ ಎಂಬ ದೊಡ್ಡ ಬೀದಿಯತ್ತಲೇ ಇಳಿಯುತ್ತವೆ. ಅದರ ಅಡಿಯಲ್ಲಿ ಚೊಕೆಯಾಪು ನದಿ ಹರಿಯುತ್ತದೆ. ನೀರು ಹುಡುಕಿಕೊಂಡ ದಾರಿಯನ್ನೇ ಮನುಷ್ಯರೂ ಹಿಡಿದಿದ್ದಾರೆ. ಹೀಗಿರುವಾಗ ದುಡ್ಡು ಕೊಟ್ಟು ಗೈಡ್ ಯಾಕೆ?

ಒಂಟಿ ಅಲೆಮಾರಿಯ ಪರವಾಗಿ ಗಟ್ಟಿ ವಾದವೇ ಇದೆ. ಲಾ ಪಾಜ್‌ನಲ್ಲಿ ಸಿರಿವಂತರು ತಗ್ಗಿನಲ್ಲಿದ್ದಾರೆ, ಬಡವರು ಎತ್ತರದಲ್ಲಿ. ದಕ್ಷಿಣದ ಕೆಳಗಿನ ಬಡಾವಣೆಗಳಲ್ಲಿ ಚಳಿ ಕಡಿಮೆ, ಉಸಿರಾಟ ಹಗುರ. ಕಣಿವೆಯ ಅಂಚು ಹತ್ತಿದರೆ 4,000 ಮೀಟರ್ ದಾಟಿದ ಬಯಲಲ್ಲಿ ಎಲ್ ಆಲ್ಟೊ. ಹಳ್ಳಿಗಾಡಿನಿಂದ ಬಂದ ಐಮಾರಾ ಜನ ಕಟ್ಟಿ ಬೆಳೆಸಿದ ನಗರ. ಗೈಡ್ ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾನೆ. ಮೆಟ್ಟಿಲು ಹತ್ತುತ್ತ ಹತ್ತು ಹೆಜ್ಜೆಗೊಮ್ಮೆ ಏದುಸಿರು ಬಿಟ್ಟು ನಿಲ್ಲುವವನಿಗೆ ಅದು ಎದೆಗೂಡಿಗೇ ಗೊತ್ತಾಗುತ್ತದೆ.

ಆದರೆ ‘ನಾನೊಬ್ಬನೇ ಸುತ್ತಿದೆ’ ಎನ್ನುವುದರಲ್ಲಿ ಅರ್ಧ ಸುಳ್ಳಿದೆ. ಮಿನಿಬಸ್ಸಿನ ಬಾಗಿಲಲ್ಲಿ ನಿಂತು ಹೋಗುವ ಜಾಗಗಳನ್ನು ಕೂಗುವ ದನಿ ಅವನಿಗೆ ಬೇಕು. ಜೀಬ್ರಾ ವೇಷ ತೊಟ್ಟು ರಸ್ತೆ ದಾಟಿಸುವ ಯುವಜನರೂ ಬೇಕು. ನಗರಾಡಳಿತ 2001ರಲ್ಲಿ ಶುರುಮಾಡಿದ ಏರ್ಪಾಡು ಅದು. 2014ರಲ್ಲಿ ಆರಂಭವಾದ ರೋಪ್‌ವೇಯ ನಿಲ್ದಾಣಗಳಲ್ಲಿ ಸ್ಪ್ಯಾನಿಷ್ ಜೊತೆಗೆ ಐಮಾರಾ ಹೆಸರುಗಳೂ ಇವೆ: ಎಲ್ ಆಲ್ಟೊದ ನಿಲ್ದಾಣವೊಂದು ‘ಹಾಚ ಖಾತು’, ಎಂದರೆ ದೊಡ್ಡ ಸಂತೆ. ಗುರುವಾರ, ಭಾನುವಾರ ಅಲ್ಲಿ ನೆರೆಯುವ ಸಂತೆಗೆ ಒಪ್ಪುವ ಹೆಸರು. ಒಬ್ಬ ಗೈಡಿಗೆ ಕೊಡಬೇಕಿದ್ದ ಸಂಬಳ ಉಳಿದಿದೆ, ನಿಜ. ಋಣ ಮಾತ್ರ ಊರಿಡೀ ಹರಡಿಕೊಂಡಿದೆ.

ಕಣ್ಣಿಗೆ ಸಿಗದ ಸಂಗತಿಗಳ ಗತಿಯೇನು? ಪ್ಲಾಜಾ ಮುರಿಯೊ ಚೌಕಕ್ಕೆ ಬಂದು ನಿಂತರೆ ಈ ಪ್ರಶ್ನೆ ಚುರುಕಾಗುತ್ತದೆ. 2014ರಲ್ಲಿ ಅಲ್ಲಿನ ಸಂಸತ್ ಭವನದ ಗಡಿಯಾರವನ್ನು ಮುಳ್ಳುಗಳು ಎಡಕ್ಕೆ ತಿರುಗುವಂತೆ ಬದಲಿಸಲಾಯಿತು. ದಕ್ಷಿಣ ಗೋಳಾರ್ಧದಲ್ಲಿ ನೆರಳು ಗಡಿಯಾರ ಹಾಗೇ ತಿರುಗುತ್ತದೆ, ಉತ್ತರದವರ ಲೆಕ್ಕವನ್ನು ನಾವೇಕೆ ಒಪ್ಪಬೇಕು ಎಂಬುದು ಅದರ ಹಿಂದಿನ ವಾದ. ಯಾರೂ ಹೇಳದಿದ್ದರೆ ಅದು ಕೆಟ್ಟುಹೋದ ಗಡಿಯಾರ, ಅಷ್ಟೆ. ಇದೇ ಚೌಕದಲ್ಲಿ 1946ರ ಜುಲೈ 21ರಂದು ರೊಚ್ಚಿಗೆದ್ದ ಗುಂಪು ಅಧ್ಯಕ್ಷ ಗುವಾಲ್ಬೆರ್ಟೊ ವಿಯಾರೊಯೆಲ್ ಅವರನ್ನು ಕೊಂದು, ಶವವನ್ನು ದೀಪದ ಕಂಬಕ್ಕೆ ನೇತುಹಾಕಿತು. ಕಂಬವನ್ನು ಎಷ್ಟು ದಿಟ್ಟಿಸಿದರೂ ಆ ದಿನ ಕಾಣದು.

ಈ ತೊಡಕನ್ನು ಬಿಡಿಸುವ ಎಳೆ ಐಮಾರಾ ಭಾಷೆಯಲ್ಲೇ ಇದೆ. ಅದರಲ್ಲಿ ‘ನೈರಾ’ ಎಂದರೆ ಕಣ್ಣು, ಎದುರು. ಕಳೆದ ಕಾಲವೂ ಅದೇ. ಕನ್ನಡಿಗರು ಕಳೆದದ್ದನ್ನು ‘ಹಿಂದೆ’ ಎನ್ನುತ್ತಾರೆ. ಐಮಾರಾ ಜನರಿಗೆ ಅದು ಕಣ್ಣೆದುರು, ಯಾಕೆಂದರೆ ಕಂಡಾಗಿದೆ. ಬೆನ್ನ ಹಿಂದಿರುವುದು ಬರಲಿರುವ ಕಾಲ. ಅವರ ವ್ಯಾಕರಣವೂ ಅಷ್ಟೇ ಕಟ್ಟುನಿಟ್ಟು: ತಾನೇ ಕಂಡದ್ದೋ, ಇನ್ನೊಬ್ಬರಿಂದ ತಿಳಿದದ್ದೋ ಎಂಬುದನ್ನು ಮಾತಿನಲ್ಲೇ ಗುರುತಿಸಬೇಕು. ಕನ್ನಡದಲ್ಲಿ ಆ ಕೆಲಸಕ್ಕೆ ‘ಅಂತೆ’ ಇದೆ, ಬೇಕೆನಿಸಿದಾಗ ಸೇರಿಸಿಕೊಳ್ಳುವ ಸ್ವಾತಂತ್ರ್ಯದೊಡನೆ.

ಗೈಡ್ ಬೇಕೋ ಬೇಡವೋ ಎಂಬ ಜಗಳಕ್ಕಿಂತ ಈ ‘ಅಂತೆ’ ಎಲ್ಲಿ ಉದುರಿಹೋಗುತ್ತದೆ ಎಂಬುದು ಮುಖ್ಯ. ಸಾವಿರ ಸಲ ಹೇಳಿ ನುಣುಪಾದ ಕಥೆಯಿಂದ ಗೈಡ್ ಅದನ್ನು ಕಳಚಿಬಿಡುತ್ತಾನೆ. ಕೇಳಿದವರು ಕಂಡೆವೆಂದೇ ನಂಬುತ್ತಾರೆ. ಒಂಟಿ ಪ್ರವಾಸಿಯದು ಇದರ ತಿರುವುಮುರುವು: ಎರಡು ಮಧ್ಯಾಹ್ನ ಕಂಡದ್ದನ್ನೇ ಇಡೀ ಲಾ ಪಾಜ್ ಎಂದುಕೊಳ್ಳುತ್ತಾನೆ, ಕೇಳಬೇಕಾದ್ದು ಉಳಿದಿದೆ ಎಂಬುದನ್ನೇ ಮರೆಯುತ್ತಾನೆ. ಚೌಕದ ಬೆಂಚಿನಲ್ಲಿ ಕೂತ ಹಿರಿಯರನ್ನು ಗಡಿಯಾರದ ಬಗ್ಗೆ ವಿಚಾರಿಸಿದವನು ಇಬ್ಬರಿಗಿಂತಲೂ ಒಂದು ಹೆಜ್ಜೆ ಮುಂದೆ.

ಅಂಥವನು ಊರಿಗೆ ಮರಳಿ ಹೀಗೆ ಹೇಳಿಯಾನು: ಸಂಜೆ ಇಲಿಮಾನಿ ಪರ್ವತದ ಹಿಮ ಕೆಂಪಗಾಗಿತ್ತು, ಮೆಟ್ಟಿಲು ಹತ್ತಿ ಉಸಿರು ಕಟ್ಟಿತು, ನಾನು ನಿಂತ ಚೌಕದಲ್ಲೇ ಹಿಂದೊಮ್ಮೆ ಅಧ್ಯಕ್ಷರನ್ನು ಕಂಬಕ್ಕೆ ನೇತುಹಾಕಿದ್ದರಂತೆ.