ತಪಸ್ಸುಕಾಲದ ವಸ್ತ್ರಕ್ಕೆ ಅಲಂಕಾರ ಬೇಕೇ?



ವಿಭೂತಿ ಬುಧವಾರಕ್ಕೆ ಮೂರು ವಾರವಿರುವಾಗ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ನೇರಳೆ ಬಟ್ಟೆ ಹಿಡಿದು ಗುರುನಿವಾಸಕ್ಕೆ ಬಂದರು. ಹೊಲಿಗೆ ಬಲ್ಲವರು. "ಫಾದರ್, ತಪಸ್ಸುಕಾಲಕ್ಕೆ ಒಂದು ಪೂಜಾವಸ್ತ್ರ ಹೊಲಿದುಕೊಡುತ್ತೇನೆ. ಏನು ಚಿತ್ರ ಹಾಕಲಿ? ಉಪವಾಸದ ದಿನಗಳಲ್ಲಿ ಜರಿ, ಕಸೂತಿ ಎಂದರೆ ತಪ್ಪಾಗುವುದಿಲ್ಲವೇ?" ಎಂದರು.

ಎರಡನೆಯ ಪ್ರಶ್ನೆ ನನ್ನನ್ನು ತಡೆದು ನಿಲ್ಲಿಸಿತು. ಬಡವರ ಹೆಸರು ಹೇಳಿ ಅಲಂಕಾರ ಬೇಡವೆನ್ನುವುದು ಸುಲಭ. ಪವಿತ್ರ ವಾರದ ಸೋಮವಾರದ ಶುಭಸಂದೇಶ ನೆನಪಿಸಿಕೊಳ್ಳಿ. ಬೆಥಾನಿಯದ ಮರಿಯಳು ಸುಗಂಧ ತೈಲ ಸುರಿದಾಗ 300 ದಿನಾರಿಗಳ ಲೆಕ್ಕ ಹೇಳಿದವನು ಯೂದ. ಪ್ರಭು ಅವಳ ಪರ ನಿಂತರು. ಆದರೆ ಆ ತೈಲ ಪ್ರಭುವಿನ ಪಾದಕ್ಕೆ ಸಂದಿತು. ಜರಿಯಾದರೋ ಗುರುವಿನ ಹೆಗಲ ಮೇಲೆ ಮಿನುಗುತ್ತದೆ. ಅಪಾಯ ಅಲ್ಲಿದೆ. ಹೊಸ ವಸ್ತ್ರ ತೊಟ್ಟ ದಿನ ಜನರ ಮುಖವನ್ನು ಓರೆಗಣ್ಣಿನಿಂದ ನೋಡಿದವನು ನಾನೂ ಹೌದು.

ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಇದನ್ನು ಬಿಡಿಸಿ ಹೇಳಿತು. ಬರಿಯ ಆಡಂಬರವಲ್ಲ, ಘನತೆಯುಳ್ಳ ಸೌಂದರ್ಯ ಬೇಕೆಂದಿತು. ಪೂಜಾವಸ್ತ್ರಗಳಿಗೂ ಅದೇ ನಿಯಮ. ಅಂದರೆ ಅಂದ ಇರಬೇಕಾದುದು ಬಟ್ಟೆಯ ಗುಣದಲ್ಲಿ, ಕತ್ತರಿಸಿದ ರೀತಿಯಲ್ಲಿ. ತಪಸ್ಸುಕಾಲವೆಂದು ಅಚ್ಚುಕಟ್ಟಿಲ್ಲದೆ ಹೊಲಿದರೆ ಅದು ತಪಸ್ಸಲ್ಲ, ಸೋಮಾರಿತನ.

ಸ್ಫೂರ್ತಿ ಎಲ್ಲಿಂದ? ಫ್ರಾನ್ಸಿನ ಚಿತ್ರಕಾರ ಹೆನ್ರಿ ಮಾತೀಸ್ ಇಳಿವಯಸ್ಸಿನಲ್ಲಿ ವಾನ್ಸ್ ಊರಿನ ಪ್ರಾರ್ಥನಾಲಯಕ್ಕಾಗಿ ಬಣ್ಣದ ಕಾಗದ ಕತ್ತರಿಸಿ ಪೂಜಾವಸ್ತ್ರಗಳನ್ನು ರೂಪಿಸಿದರು. ಆ ಪ್ರಾರ್ಥನಾಲಯದ ಅಭಿಷೇಕ 1951ರಲ್ಲಾಯಿತು. ದೊಡ್ಡ, ಸರಳ ಆಕಾರಗಳು. ನೀವೂ ಮೊದಲು ಕಾಗದದಲ್ಲಿ ಕತ್ತರಿಸಿ, ದೂರದಿಂದ ನೋಡಿ. (ಮೊಣಕಾಲಿನ ಬಳಿ ಕಸೂತಿ ಹಾಕಬೇಡಿ, ಪೀಠದ ಹಿಂದೆ ಅದು ಯಾರಿಗೂ ಕಾಣದು!)

ಅದಕ್ಕಿಂತ ಹೆಚ್ಚಾಗಿ ಪ್ರಭುವಿನ ಯಾತನೆಯ ಕಥೆಯನ್ನು ಓದಿ. ಕಡಲ ಬಸವನಹುಳುಗಳಿಂದ ತೆಗೆಯುತ್ತಿದ್ದ ಕೆನ್ನೇರಳೆ ಬಣ್ಣ ಆಗ ಬಹಳ ದುಬಾರಿ, ಅರಸರಿಗೆ ತಕ್ಕದ್ದು. ಸೈನಿಕರು ಅಂಥ ಬಣ್ಣದ ಮೇಲಂಗಿಯನ್ನು ಗೇಲಿಗಾಗಿ ಪ್ರಭುವಿಗೆ ಹೊದಿಸಿ, ಮತ್ತೆ ಕಿತ್ತುಕೊಂಡರು. ಶಿಲುಬೆಯ ಬುಡದವರೆಗೆ ಜೊತೆಗೆ ಹೋದದ್ದು ಅವರದೇ ಒಳಅಂಗಿ. ಅದಕ್ಕೆ ಹೊಲಿಗೆಯಿರಲಿಲ್ಲ, ಮೇಲಿನಿಂದ ಕೆಳಗೆ ಒಂದೇ ನೇಯ್ಗೆ. ಅದನ್ನು ಯಾರು ನೇಯ್ದರೋ ಯೊವಾನ್ನರು ಹೇಳುವುದಿಲ್ಲ. ಯಾರದೋ ಕೈ, ಎಷ್ಟೋ ದಿನ ಕುಳಿತು ಮಾಡಿದ ಕೆಲಸ, ಹೆಸರು ಉಳಿದಿಲ್ಲ.

ಪೂಜಾವಸ್ತ್ರ ತೊಡುವಾಗ ಗುರುಗಳು ಹೇಳುತ್ತಿದ್ದ ಹಳೆಯ ಪ್ರಾರ್ಥನೆ ಅದನ್ನು ಪ್ರಭುವಿನ ನೊಗಕ್ಕೆ ಹೋಲಿಸುತ್ತದೆ. ಇದನ್ನೂ ಆ ತಾಯಿಗೆ ಹೇಳಿದೆ. ಅವರು ಕೊನೆಗೆ ಜರಿಯನ್ನು ಕೈಬಿಟ್ಟರು. ಕುತ್ತಿಗೆಯಿಂದ ಕೆಳಕ್ಕೆ ಮಾಸಲು ನೂಲಿನ ಒಂದೇ ಪಟ್ಟಿ, ಸೇದುವ ಬಾವಿಯ ಹಗ್ಗದಂತೆ ಹೊಸೆದದ್ದು. ಸಮಾರ್ಯದ ಸ್ತ್ರೀಯ ನೆನಪಿಗಂತೆ. ನಾಲ್ಕನೇ ಭಾನುವಾರಕ್ಕೆ ಗುಲಾಬಿ ಬಣ್ಣದ್ದಕ್ಕೂ ಅನುಮತಿ ಇದೆಯಲ್ಲವೇ ಎಂದು ಮೊನ್ನೆ ವಿಚಾರಿಸಿದರು. ಇದೆ ಎಂದೆ. ಬಟ್ಟೆ ಇನ್ನೂ ತಂದಿಲ್ಲ.